ನಳಿಗೆ ಅಣ್ಣನಿಗೆ, ಮರ ತಮ್ಮನಿಗೆ

ಕೋಣನಕುಂಟೆಯ ಪಿಳ್ಳಪ್ಪ, ಚಿನ್ನಪ್ಪ ಎಂಬ ಅಣ್ಣತಮ್ಮಂದಿರು ಭಾಗವಾದ ದಿನ, ಪಂಚಾಯಿತಿಗೆ ಕೂತವರಿಗೆ ಸಂಜೆಯ ಹೊತ್ತಿಗೆ ತಲೆ ಚಿಟ್ಟುಹಿಡಿದು ಹೋಗಿತ್ತು. ಹೊಲ ಅಳೆದಾಗಿತ್ತು. ದನ ಹಂಚಿಯಾಗಿತ್ತು. ಇದ್ದ ಒಂದು ಮನೆಯ ನಟ್ಟನಡುವೆ ಗೋಡೆ ಎಲ್ಲಿ ಏಳಬೇಕೆಂದು ಸುಣ್ಣದಲ್ಲಿ ಗೆರೆ ಎಳೆದಾಗಿತ್ತು. ಒರಳು ಅಣ್ಣನ ಪಾಲಿಗೆ ಹೋದರೆ ಅದರ ಗುಂಡುಕಲ್ಲು ತಮ್ಮನಿಗೇ ಬೇಕಾಗಿ, ಅದಕ್ಕೊಂದು ಗಂಟೆ ಹಿಡಿದಿತ್ತು. ಕೊನೆಗೆ ಉಳಿದದ್ದು ಅಪ್ಪನ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಸೀಸದ ಚರೆ ಸುರಿದು, ಚಿಂದಿ ತುರುಕಿ, ಗಜದಿಂದ ಜಡಿದು, ಹಿಂಬದಿಯ ತೊಟ್ಟಿಗೆ ಕೇಪು ಕೂರಿಸಿ ಹೊಡೆಯುವ ಹಳೇ ಕೋವಿ. ನನಗೆ ಬೇಕು ಎಂದ ಪಿಳ್ಳಪ್ಪ. ನನಗೆ ಬೇಕು ಎಂದ ಚಿನ್ನಪ್ಪ. ಒಬ್ಬ ಕೋವಿ ಇಟ್ಟುಕೊಳ್ಳಲಿ, ಇನ್ನೊಬ್ಬ ಎಮ್ಮೆಕರು ಇಟ್ಟುಕೊಳ್ಳಲಿ ಎಂದರೆ ಇಬ್ಬರೂ ಒಪ್ಪಲಿಲ್ಲ. ಪಂಚಾಯಿತಿಯ ಹಿರಿಯ ಮಾರಯ್ಯ ಬೇಸತ್ತು ಟವೆಲು ಕೊಡವಿ ಎದ್ದ.

“ಅಂಗಾದ್ರೆ ನಳಿಗೆ ದೊಡ್ಡೋನ್ಗೆ, ಮರ ಚಿಕ್ಕೋನ್ಗೆ. ಏಳ್ರಪ್ಪ, ಮನೆಗೋಗಾನ.”

ಅವನು ಅಂದದ್ದು ತಮಾಷೆಗೆ. ಈ ಇಬ್ಬರು ಮಹಾನುಭಾವರು ಅದನ್ನು ನಿಜಕ್ಕೂ ಒಪ್ಪಿಕೊಂಡರು. ತನಗೆ ಕೋವಿ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗೆ ಇಡಿಯಾಗಿ ಸಿಗಬಾರದು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂದು ಗಾದೆ ಕಟ್ಟಿದವನು ಒಮ್ಮೆ ಕೋಣನಕುಂಟೆಗೂ ಬಂದು ಹೋಗಿರಬೇಕು. ಅಲ್ಲೇ, ಎಲ್ಲರ ಎದುರಿಗೆ, ತಿರುಪು ಬಿಚ್ಚಿ, ಹಿತ್ತಾಳೆ ಬಳೆಗಳನ್ನು ಜಾರಿಸಿ ನಳಿಗೆಯನ್ನು ಹಿಡಿಯ ಮರದಿಂದ ಬೇರೆ ಮಾಡಿದರು. ಮರದ ಜೊತೆ ಕೇಪಿಗೆ ಬಡಿಯುವ ಕುದುರೆ, ಗಜ, ಲೈಸೆನ್ಸ್ ಪುಸ್ತಕ ಚಿನ್ನಪ್ಪನಿಗೆ ಬಂದವು. ಬರಿಯ ನಳಿಗೆಯನ್ನು ಪಿಳ್ಳಪ್ಪ ಹೆಗಲ ಮೇಲಿಟ್ಟುಕೊಂಡು ಒಳಗೆ ಹೋದ.

ಆ ನಳಿಗೆ ಖಾಲಿ ಇರಲಿಲ್ಲ.

ಹಿಂದಿನ ದಿನ ಸಾಯಂಕಾಲ ತುರಹಳ್ಳಿ ಕಾಡಿನ ಕಡೆಯಿಂದ ಹಂದಿಗಳು ಇಳಿದು ಕಡಲೆಕಾಯಿ ಹೊಲ ಉಳುತ್ತಿವೆ ಎಂದು ಚಿನ್ನಪ್ಪನೇ ಅದಕ್ಕೆ ಮದ್ದು ತುಂಬಿದ್ದ. ಎರಡು ಹಂದಿಗಾಗುವಷ್ಟು ತುಂಬಿದ್ದ. ಹಂದಿ ಬರಲಿಲ್ಲ. ಕೇಪು ಕಿತ್ತು ಜೇಬಿಗೆ ಹಾಕಿಕೊಂಡು, ಕೋವಿಯನ್ನು ಬಾಗಿಲ ಹಿಂದೆ ಒರಗಿಸಿ ಮಲಗಿದ್ದ. ಪಂಚಾಯಿತಿಯಲ್ಲಿ ತಿರುಪು ಬಿಚ್ಚುವಾಗ, ‘ಇರ್ರಿ, ಅದ್ರಾಗೆ ಮದ್ದೈತೆ’ ಎನ್ನಲು ಅವನು ಬಾಯಿ ತೆರೆದದ್ದೂ ನಿಜ. ಅದೇ ಗಳಿಗೆಗೆ ಪಿಳ್ಳಪ್ಪ ಹಿತ್ತಿಲ ತಾಮ್ರದ ಹಂಡೆಯ ಮೇಲೆ ಕೈಯಿಟ್ಟು, ಚಿನ್ನಪ್ಪನ ಹೆಂಡತಿ ಸಪ್ಪಲಮ್ಮನ ಕಡೆ ನೋಡಿ, “ಉಟ್ಟ ಸೀರೇಲಿ ಬಂದೋಳ್ಗೆ ಹಂಡೆ ಯಾಕೆ? ಮಡಕೇಲಿ ಕಾಯಿಸ್ಕಳ್ಲಿ” ಎಂದ. ಕೂತಿದ್ದವರಲ್ಲಿ ಇಬ್ಬರು ನಕ್ಕರು. ಸಪ್ಪಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಚಿನ್ನಪ್ಪ ತೆರೆದ ಬಾಯಿ ಮುಚ್ಚಿದ.

ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಗೋಡೆಗೆ ಪಾಯ ತೆಗೆಯುವಾಗ ಒಂದು ಗೇಣಿನ ವಿಚಾರಕ್ಕೆ ಕೈ ಕೈ ಮಿಲಾಯಿಸಿತು. ಆಮೇಲೆ ಮಾತು ನಿಂತಿತು. ಮಾತೇ ಇಲ್ಲದ ಮೇಲೆ ಹೇಳುವುದು ಹೇಗೆ? ಇದು ಎಪ್ಪತ್ತೈದನೆಯ ಇಸವಿಯ ಮಾತು.

ಪಿಳ್ಳಪ್ಪ ಆ ನಳಿಗೆಯನ್ನು ಅಟ್ಟದಲ್ಲಿಟ್ಟು ಮರೆತಿದ್ದರೆ ಚಿನ್ನಪ್ಪನೂ ಮರೆಯುತ್ತಿದ್ದನೋ ಏನೋ. ಆದರೆ ಪಿಳ್ಳಪ್ಪ ಅದನ್ನು ಹಿತ್ತಿಲ ಬಚ್ಚಲಲ್ಲಿ, ಹಂಡೆ ಒಲೆಯ ಮೇಲಕ್ಕೆ ಎರಡು ತಂತಿ ಕಟ್ಟಿ ಅಡ್ಡ ನೇತುಹಾಕಿದ. ಮಳೆಗಾಲದಲ್ಲಿ ಅವನ ಹೆಂಡತಿ ರುದ್ರಮ್ಮ ಒದ್ದೆ ಬಟ್ಟೆಯನ್ನು ಅದರ ಮೇಲೆ ಒಣಗಹಾಕುತ್ತಿದ್ದಳು. ಕೆಳಗೆ ಉರಿ, ಮೇಲೆ ನಳಿಗೆ, ನಡುವೆ ಎರಡು ಮೊಳ. ಗೋಡೆಯ ಈಚೆ ಚಿನ್ನಪ್ಪನ ಬಚ್ಚಲು. ಆರು ವರ್ಷ ಅವನು ನೆಮ್ಮದಿಯಾಗಿ ಒಂದು ಚೊಂಬು ನೀರು ಮೈಮೇಲೆ ಹೊಯ್ದುಕೊಂಡವನಲ್ಲ. ಆಚೆ ಕಟ್ಟಿಗೆ ಚಟ್ ಎಂದರೆ ಇವನು ಬಗ್ಗಿಬಿಡುತ್ತಿದ್ದ. ಗೋಡೆಯ ಮೇಲೆ ಕತ್ತು ಚಾಚಿ, ನಳಿಗೆ ಇನ್ನೂ ಅಲ್ಲೇ ಇದೆಯೇ ಎಂದು ನೋಡಿ ಇಳಿಯುತ್ತಿದ್ದ. ಹೇಳಿಬಿಡಬೇಕು ಎಂದು ದಿನಾ ಅನ್ನಿಸುತ್ತಿತ್ತು. ಹೇಳಿದರೆ, ‘ಇಷ್ಟು ದಿನ ಯಾಕೆ ಹೇಳ್ಲಿಲ್ಲ?’ ಎಂದು ಕೇಳುತ್ತಾರೆ. ಒಂದೊಂದು ದಿನ ಕಳೆದ ಹಾಗೂ ಆ ಪ್ರಶ್ನೆ ಒಂದೊಂದು ದಿನ ದೊಡ್ಡದಾಗುತ್ತಿತ್ತು. ಇನ್ನೊಂದು ಮಾತೂ ಇತ್ತು, ಅದನ್ನು ನಾನೇ ಹೇಳಿಬಿಡುತ್ತೇನೆ: ಕೆಲವು ದಿನ ಅವನಿಗೆ ಅದು ಹಾರಿದರೆ ಹಾರಲಿ ಎಂದೇ ಇತ್ತು.

ಎಪ್ಪತ್ತೊಂಬತ್ತರಲ್ಲಿ ಪಿಳ್ಳಪ್ಪನ ಮಗಳು ಬಾಣಂತನಕ್ಕೆ ಬಂದಳು. ಬಾಣಂತಿ ನೀರೆಂದರೆ ಸಾಮಾನ್ಯವೇ? ಬೆಳಗಿನ ಐದಕ್ಕೇ ಹಂಡೆ ಒಲೆಗೆ ಹುಣಸೆ ಕೊರಡು ತುರುಕಿ, ಉರಿ ಹಂಡೆಯ ಕಂಠ ದಾಟಿ ಮೇಲೇಳುತ್ತಿತ್ತು. ಮೂರನೆಯ ದಿನ ಚಿನ್ನಪ್ಪ, ಸಪ್ಪಲಮ್ಮನನ್ನೂ ಎರಡು ಮಕ್ಕಳನ್ನೂ ಬೇಗೂರಿಗೆ, ಅವಳ ತವರಿಗೆ, ಕರೆದುಕೊಂಡು ಹೋಗಿ ಬಿಟ್ಟುಬಂದ. “ಯಾಕೆ, ಏನಾಯ್ತು?” ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು. “ಮನೆ ಸೂರು ರಿಪೇರಿ ಮಾಡಿಸ್ಬೇಕು” ಎಂದ. ಒಂದೂವರೆ ತಿಂಗಳು ತಾನೂ ಹೊಲದ ಗುಡಿಸಲಲ್ಲೇ ಮಲಗಿದ. ಸೂರಿನ ಒಂದು ಹೆಂಚೂ ಅಲುಗಲಿಲ್ಲ. ತನ್ನವರನ್ನು ದೂರ ಸಾಗಿಸಿದ ಮನುಷ್ಯ, ಗೋಡೆಯಾಚೆಯ ಹಸುಗೂಸಿಗೆ ಒಂದು ಮಾತು ಖರ್ಚು ಮಾಡಲಿಲ್ಲ. ಇಂಥವನ ಕಥೆಯನ್ನು ಯಾಕೆ ಹೇಳಬೇಕು ಎಂದರೆ, ಇಂಥವರು ನಮ್ಮ ನಡುವೆ ಕಡಿಮೆ ಏನಿಲ್ಲ.

ಎಂಬತ್ತೊಂದರಲ್ಲಿ ಲೈಸೆನ್ಸಿನ ತಕರಾರು ಎದ್ದಿತು. ಅಲ್ಲಿಯವರೆಗೂ ಪ್ರತಿ ವರ್ಷ ಚಿನ್ನಪ್ಪ, ‘ಕೋವಿ ರಿಪೇರಿಗೆ ಕೊಟ್ಟಿದೀನಿ ಸಾರ್’ ಎಂದು ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರುತ್ತಿದ್ದ. ಸ್ಟೇಷನ್ನಿಗೆ ಹೊಸದಾಗಿ ಬಂದ ಅಧಿಕಾರಿ ಅಂಥ ಕಥೆ ಕೇಳುವವನಲ್ಲ. “ಈ ತಿಂಗಳ ಕೊನೆಯೊಳಗೆ ಕೋವಿ ತಂದು ಟೇಬಲ್ ಮೇಲಿಡು. ಇಲ್ದಿದ್ರೆ ಲೈಸೆನ್ಸ್ ಕ್ಯಾನ್ಸಲ್. ಒಂದ್ಸಲ ಹೋದ್ರೆ ಇನ್ನು ನಿನ್ನ ಜನ್ಮದಲ್ಲಿ ಸಿಗಲ್ಲ” ಎಂದ. ಹಂದಿಗಳೋ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಜೆ.ಪಿ. ನಗರದ ಕಡೆಯಿಂದ ಸೈಟಿನ ಗೂಟಗಳು ಹೊಲ ನುಂಗುತ್ತ ಬಂದ ಹಾಗೆ ಅವುಗಳಿಗೂ ಜಾಗ ಸಾಲದೆ, ಇದ್ದ ನಾಲ್ಕು ಕಡಲೆಕಾಯಿ ಹೊಲಕ್ಕೇ ನುಗ್ಗುತ್ತಿದ್ದವು. ಹಿಂದಿನ ವರ್ಷ ಚಿನ್ನಪ್ಪನಿಗೆ ಬಿತ್ತಿದ ಬೀಜವೂ ವಾಪಸು ಬಂದಿರಲಿಲ್ಲ. ಕೋವಿ ಬೇಕೇ ಬೇಕಾಗಿತ್ತು. ಅಣ್ಣನ ಹತ್ತಿರ ಹೋಗಿ ನಳಿಗೆ ಕೇಳುವುದೆಂದರೆ ನಾಲಗೆ ಕಿತ್ತುಕೊಳ್ಳುವುದು ವಾಸಿ. ಸರಿ, ಮರಕ್ಕೆ ಬೇರೆ ನಳಿಗೆ ಕೂರಿಸಿಬಿಡೋಣ ಎಂದು, ಗೋಣಿಚೀಲದಲ್ಲಿ ಮರ ಸುತ್ತಿಕೊಂಡು ಇಟ್ಟಮಡುವಿಗೆ ಹೋದ.

ಇಟ್ಟಮಡುವಿನಲ್ಲಿ ಸಂಜೀವಯ್ಯ ಎಂಬ ಆಚಾರಿಯ ಶೆಡ್ಡಿತ್ತು. ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ರಿಟೈರಾದ ಮನುಷ್ಯ. ಹಿಂದುಗಡೆ ಕೋಣೆಯಲ್ಲಿ ಲೇತು, ಮುಂದೆ ತಾತನ ಕಾಲದ ಕುಲುಮೆ, ಚರ್ಮದ ತಿದಿ. ಗೋಡೆಗೆ ಕೋವಿ ರಿಪೇರಿಯ ಲೈಸೆನ್ಸಿಗೆ ಕಟ್ಟು ಹಾಕಿಸಿ, ದೇವರ ಪಟದ ಪಕ್ಕ ನೇತುಹಾಕಿದ್ದ. ಅವನ ಹೆಂಡತಿ ಕೆಂಪಕ್ಕ ತಿದಿ ಒತ್ತುತ್ತಿದ್ದಳು.

ಸಂಜೀವಯ್ಯ ಮರವನ್ನು ತಿರುಗಿಸಿ ಮುರುಗಿಸಿ ನೋಡಿದ. ಬೀಟೆ ಮರ. ಕುದುರೆಯ ಸ್ಪ್ರಿಂಗು ಇನ್ನೂ ಬಿಗಿಯಾಗಿತ್ತು.

“ಮರ ಚಿನ್ನದಂಗಿದೆ ಕಣಯ್ಯ. ನನ್ಹತ್ರ ಒಂದು ನಳಿಗೆ ಇದೆ, ಯಾರೋ ತೋಟದೋರು ಬಿಟ್ಟಿದ್ದು. ಕೂರಿಸ್ಬೋದು. ಹಳೇ ನಳಿಗೆ ಎಲ್ಲಿ?”

“ಅದ್ಯಾಕೆ ಆಚಾರ್ರೆ? ಅದು ಬ್ಯಾಡ. ಹೊಸದು ಕೂರಿಸಿ, ಹಳೇ ನಂಬರ್ ಕೊರ್ದುಬುಡಿ.”

ಸಂಜೀವಯ್ಯ ಕನ್ನಡಕ ಹಣೆಗೇರಿಸಿದ. “ನಂಬರ್ ಇರೋದು ನಳಿಗೆ ಮೇಲೆ. ಪೊಲೀಸ್ನೋರಿಗೆ ನಳಿಗೆನೇ ಕೋವಿ, ಮರ ಸೌದೆ. ಒಂದೇ ನಂಬರಿಂದು ಎರಡು ನಳಿಗೆ ಊರಲ್ಲಿ ಓಡಾಡಿದ್ರೆ ನನ್ನ ಕೈಗೆ ಕೋಳ. ಹಳೇದನ್ನ ತಂದು ನನ್ನೆದುರಿಗೆ ಹಾಕು. ಅದನ್ನ ಕುಲುಮೇಲಿ ಕಾಯಿಸಿ, ಚಪ್ಪಟೆ ಬಡಿದು, ತುಂಡು ಮಾಡಿ, ತುಂಡಿನ ಜೊತೆ ಕಾಗದ ಬರ್ಕೊಡ್ತೀನಿ. ಆಮೇಲೇ ಹೊಸದಕ್ಕೆ ನಂಬರ್.”

ಕುಲುಮೆ ಎಂಬ ಮಾತು ಬಂದಕೂಡಲೇ ಚಿನ್ನಪ್ಪ ಬಾಯಿ ಹಾಕಿದ. “ಗರಗಸದಾಗೆ ಕುಯ್ದ್ರೆ ಆಗಲ್ವಾ?”

“ಕುಯ್ದಿದ್ದನ್ನ ಮತ್ತೆ ಬೆಸೀತಾರೆ. ಸ್ಟೇಷನ್ನಲ್ಲಿ ಒಪ್ಪಲ್ಲ. ಯಾಕೆ, ಕಾಯಿಸಿದ್ರೆ ನಿನಗೇನು ಕಷ್ಟ?”

“ನಂಗೇನು ಕಷ್ಟ? ಏನಿಲ್ಲಪ್ಪ” ಎಂದ ಚಿನ್ನಪ್ಪ, ಬೇಕಾದದ್ದಕ್ಕಿಂತ ಗಟ್ಟಿಯಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ದಾರಿಯಲ್ಲಿ ಬರುತ್ತ ಅವನೊಂದು ಲೆಕ್ಕಾಚಾರ ಹಾಕಿದ. ಆಚಾರಿ ಅನುಭವಸ್ಥ. ಬೆಂಕಿಗಿಡುವ ಮೊದಲು ನಳಿಗೆಗೆ ಗಜ ಇಳಿಸಿ ನೋಡದೆ ಇರುತ್ತಾನೆಯೇ? ಗಜ ಒಂದು ಗೇಣು ಹೊರಗೇ ನಿಲ್ಲುತ್ತದೆ, ಒಳಗೆ ಮದ್ದಿದೆ ಎಂದು ಅವನೇ ಹೇಳುತ್ತಾನೆ. ‘ಅಯ್ಯೋ, ಅಪ್ಪನ ಕಾಲದ್ದಿರಬೇಕು’ ಎಂದು ತಾನೂ ಬಾಯಿ ಮೇಲೆ ಕೈ ಇಟ್ಟುಕೊಂಡರಾಯಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಆರು ವರ್ಷದ ಭಾರ ತಾನು ತುಟಿ ಬಿಚ್ಚದೆಯೇ ಇಳಿದುಹೋಗುತ್ತದೆ. ಇಷ್ಟು ಸುಲಭದ ದಾರಿ ಇದ್ದದ್ದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಖುಷಿಯೇ ಆಯಿತು.

ನಳಿಗೆ ತರಿಸುವುದಕ್ಕೆ ಪಂಚಾಯಿತಿಯ ಮಾರಯ್ಯನ ಕಾಲು ಹಿಡಿದ. ಮಾರಯ್ಯ ಹೋಗಿ ಹೇಳಿದ. ಪಿಳ್ಳಪ್ಪ ಕುಣಿದಾಡುತ್ತಾನೆ, ಉಗಿಯುತ್ತಾನೆ ಎಂದುಕೊಂಡಿದ್ದರೆ, ಅವನು ಎಲೆಯಡಿಕೆ ಅಗಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು, “ಕುಲುಮೆಗೆ ಇಡ್ತಾರಂತಾ?” ಎಂದಷ್ಟೇ ಕೇಳಿದನಂತೆ. ಹೌದು ಎಂದಾಗ, “ಬತ್ತೀನಿ. ನಾನೇ ತತ್ತೀನಿ. ಅವನೂ ಇರ್ಬೇಕು ಅಲ್ಲಿ” ಎಂದನಂತೆ.

ಗುರುವಾರ ಮಧ್ಯಾಹ್ನ ಚಿನ್ನಪ್ಪ ಮುಂಚೆಯೇ ಹೋಗಿ ಶೆಡ್ಡಿನಲ್ಲಿ ಕೂತ. ತಿಂಗಳು ಮುಗಿಯಲು ಇನ್ನೆರಡೇ ದಿನ. ಸಂಜೀವಯ್ಯ ಕೆಲಸ ಮುಕ್ಕಾಲು ಮುಗಿಸಿದ್ದ. ಹೊಸ ನಳಿಗೆ ಹಳೆಯದಕ್ಕಿಂತ ಒಂದು ನೂಲು ದಪ್ಪ. ಅದರ ತಳಕ್ಕೆ ದೀಪದ ಮಸಿ ಬಳಿದು, ಮರದ ಕಾಲುವೆಗೆ ಒತ್ತಿ ತೆಗೆದು, ಮಸಿ ಅಂಟಿದ ಕಡೆ ಮಾತ್ರ ಉಳಿಯಲ್ಲಿ ಕೂದಲೆಳೆಯಷ್ಟು ಕೆರೆದು, ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ಎರಡು ದಿನ ಹೀಗೇ ಮಾಡಿದ್ದ. ಈಗ ನಳಿಗೆ ಮರದಲ್ಲಿ ಕೂತರೆ ನಡುವೆ ಬೀಡಿಯ ಎಲೆಯೂ ತೂರುತ್ತಿರಲಿಲ್ಲ. ಉಳಿದದ್ದು ಕುದುರೆ ಬಂದು ತೊಟ್ಟಿನ ನೆತ್ತಿಗೇ ಬೀಳುವಂತೆ ಸರಿಮಾಡುವುದು, ನಳಿಗೆಯನ್ನು ಮರಕ್ಕೆ ಬಿಗಿಯುವ ಬಾಲದ ಪಟ್ಟಿಯನ್ನು ಕಾಯಿಸಿ ಬಗ್ಗಿಸುವುದು. ಅದಕ್ಕೇ ಕುಲುಮೆ ಹೊತ್ತಿಸಿದ್ದರು.

ಪಿಳ್ಳಪ್ಪ ಬಂದ. ಆರು ವರ್ಷದಲ್ಲಿ ಅವನ ಮೀಸೆ ಪೂರ್ತಿ ಬೆಳ್ಳಗಾಗಿದ್ದನ್ನು ಚಿನ್ನಪ್ಪ ಅಂದೇ ಹತ್ತಿರದಿಂದ ನೋಡಿದ್ದು. ಪಿಳ್ಳಪ್ಪ ತಮ್ಮನ ಕಡೆ ತಿರುಗಲೂ ಇಲ್ಲ. ಮಸಿ ಹಿಡಿದು ಕಪ್ಪಾದ ನಳಿಗೆಯನ್ನು ಗೋಡೆಗೆ ಒರಗಿಸಿದ.

“ಅಲ್ಲೇ ಇರ್ಲಿ” ಎಂದ ಸಂಜೀವಯ್ಯ. “ಪಟ್ಟಿಗೆ ತೂತು ಹಾಕ್ಕೊಂಡು ಬಂದು ಗಜ ಇಳಿಸಿ ನೋಡ್ತೀನಿ. ಅಲ್ಲೀತನಕ ಮುಟ್ಬೇಡಿ.” ಹಿಂದುಗಡೆ ಕೋಣೆಗೆ ಹೋದ. ಲೇತು ಗುರ್ರೆಂದಿತು.

ಗಜ ಇಳಿಸುತ್ತಾನೆ. ಚಿನ್ನಪ್ಪನ ಎದೆ ಹಗುರವಾಯಿತು. ಕೆಂಪಕ್ಕ ಹಿತ್ತಿಲಿಂದ ಇದ್ದಿಲ ಪುಟ್ಟಿ ತಂದು ಕುಲುಮೆಗೆ ಸುರಿದು, ತಿದಿಯ ಪಕ್ಕದ ಮಣೆಯ ಮೇಲೆ ಕೂತಳು.

ಪಿಳ್ಳಪ್ಪ ನಳಿಗೆ ಎತ್ತಿಕೊಂಡ.

“ಇದನ್ನ ಕಾಯಿಸ್ಬೇಕಂತಮ್ಮ” ಎಂದ.

“ಯಜಮಾನ್ರು ನೋಡಿದ್ರಾ?”

“ನೋಡವ್ರೆ. ಒತ್ತಮ್ಮ ನೀನು.”

ನಳಿಗೆಯ ಹಿಂಬದಿಯನ್ನು, ಮದ್ದು ಕೂರುವ ಕಡೆಯನ್ನು, ಕೆಂಡದ ನಡುವೆ ತುರುಕಿದ. ಅದರ ಬಾಯಿಯನ್ನು ಎರಡು ಕೈಯಲ್ಲಿ ಹಿಡಿದು ತನ್ನ ಹೊಟ್ಟೆಗೇ ಆನಿಸಿಕೊಂಡು ನಿಂತ. ನಿಂತು, ಆರು ವರ್ಷದಲ್ಲಿ ಮೊದಲ ಸಲ, ತಮ್ಮನ ಮುಖವನ್ನು ನೇರವಾಗಿ ನೋಡಿದ. ಕೆಂಪಕ್ಕ ತಿದಿ ಒತ್ತಿದಳು.

ಚಿನ್ನಪ್ಪ ಕೂತಲ್ಲಿಂದ ಎದ್ದ. ಹಿಂದುಗಡೆ ಬಾಗಿಲ ಕಡೆ ನೋಡಿದ. ಲೇತು ಓಡುತ್ತಲೇ ಇತ್ತು. ಆಚಾರಿ ಬರಬೇಕಾಗಿತ್ತು, ಗಜ ಇಳಿಸಬೇಕಾಗಿತ್ತು, ಹಾಗೆಂದು ತಾನೇ ಮಾತಾಗಿದ್ದು? ತಿದಿ ಉಬ್ಬಿತು, ಕುಗ್ಗಿತು. ಕೆಂಡ ಕೆಂಪಿನಿಂದ ಹಳದಿಗೆ ತಿರುಗುತ್ತಿತ್ತು. ಕೂಗಬೇಕು ಎಂದು ಅವನಿಗೆ ಗೊತ್ತು. ಕೂಗಿದರೆ ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಎಂದು ತಾನೇ ಸಾರಿದ ಹಾಗೆ. ಊರು ಏನನ್ನುತ್ತದೆ? ಸಪ್ಪಲಮ್ಮ ಏನನ್ನುತ್ತಾಳೆ? ತಿದಿ ಉಬ್ಬಿತು, ಕುಗ್ಗಿತು. ನಾನಾಗಿ ಇಟ್ಟೆನೇ? ಅವನೇ ಇಟ್ಟುಕೊಂಡ. ಮುಟ್ಟಬೇಡಿ ಎಂದು ಆಚಾರಿ ಹೇಳಿದ್ದು ಅವನ ಕಿವಿಗೂ ಬಿದ್ದಿದೆ. ಯಾರು ತಾನೇ ನನ್ನನ್ನು ಕೇಳುತ್ತಾರೆ? ಈ ಯೋಚನೆ ಬಂದಾಗ ಅವನಿಗೆ ಅಸಹ್ಯವಾಗಲಿಲ್ಲ, ಸಮಾಧಾನವಾಯಿತು. ಹಂಡೆ ಕಣ್ಣ ಮುಂದೆ ಬಂತು. ಪಂಚಾಯಿತಿಯಲ್ಲಿ ನಕ್ಕ ಆ ಇಬ್ಬರು ಬಂದರು. ಹೋಗಲಿ, ಎಂದುಕೊಂಡ. ಹೋದರೆ ಹೋಗಲಿ. ಒಂದು ಹೆಜ್ಜೆ ಹಿಂದಕ್ಕೆ ಸರಿದು ಕಂಬದ ಮರೆಗೆ ನಿಂತ. ತಿದಿ ಉಬ್ಬಿತು, ಕುಗ್ಗಿತು.

ಪಿಳ್ಳಪ್ಪ ಕಣ್ಣು ಮಿಟುಕಿಸಲಿಲ್ಲ. ಅವನ ಹಣೆಯ ಮೇಲೆ ಬೆವರು ಮೂಡಿ, ಮೂಗಿನ ಪಕ್ಕದಲ್ಲಿ ಇಳಿಯಿತು. ಅಪ್ಪನಿಗೂ ಬೆವರು ಹಾಗೇ ಇಳಿಯುತ್ತಿತ್ತು, ಮೂಗಿನ ಎಡಗಡೆ.

“ತೆಗಿ!” ಎಂದು ಚಿನ್ನಪ್ಪ ಕಿರುಚಿದ. “ತೆಗಿಯೋ! ಅಣ್ಣಾ, ತೆಗಿ ಅದನ್ನ!”

ಕೆಂಪಕ್ಕನ ಕೈ ತಿದಿಯ ಮೇಲೆ ನಿಂತುಹೋಯಿತು. ಪಿಳ್ಳಪ್ಪ ಅಲುಗಲಿಲ್ಲ.

“ಯಾಕ್ಲಾ ತೆಗೀಬೇಕು? ಏನೈತೆ ಇದ್ರಾಗೆ?”

“ಮದ್ದೈತೆ! ಮದ್ದೈತೆ ಅದ್ರಾಗೆ!”

“ಯಾರು ತುಂಬಿದ್ದು?”

“ನಾನು. ನಾನೇ ತುಂಬಿದ್ದು. ತೆಗಿ ಅಣ್ಣ, ನಿನ್ ಕಾಲಿಗೆ ಬೀಳ್ತೀನಿ.”

“ಯಾವತ್ತು?”

“ಭಾಗದ ಹಿಂದಿನ ದಿನ...”

ಕೂಗಿಗೆ ಲೇತು ನಿಂತು, ಸಂಜೀವಯ್ಯ ಬಾಗಿಲಿಗೆ ಬಂದಿದ್ದ. ಪಿಳ್ಳಪ್ಪ ನಿಧಾನವಾಗಿ ನಳಿಗೆಯನ್ನು ಕೆಂಡದಿಂದ ಎಳೆದು ನೆಲದ ಮೇಲೆ ಹಾಕಿದ. ಹಿಂಬದಿ ಕಾದು ನಿಗಿನಿಗಿ ಎನ್ನುತ್ತಿತ್ತು. ಅದರೊಳಗಿಂದ ಏನೂ ಹಾರಲಿಲ್ಲ, ಏನೂ ಸಿಡಿಯಲಿಲ್ಲ.

“ಕೇಳಿಸ್ಕಂಡ್ರಾ ಆಚಾರ್ರೆ?” ಎಂದ ಪಿಳ್ಳಪ್ಪ. ದನಿ ಏರಿಸಲಿಲ್ಲ. “ಭಾಗ ಆದ ಮೂರನೇ ದಿನ ತೊಳೆಯಾನ ಅಂತ ಇದಕ್ಕೆ ನೀರು ಹೊಯ್ದೆ. ಇಳೀಲಿಲ್ಲ. ಬಿದಿರ್ಕಡ್ಡಿ ಆಕಿ ಕೆದಕಿದ್ರೆ ಮೊದ್ಲು ಚಿಂದಿ ಬಂತು. ಈ ನನ್ ತಮ್ಮನ ಲುಂಗೀದು, ಹಸಿರು ಗೀಟು. ಆಮೇಲೆ ಬೊಗಸೆ ಚರೆ, ಬೊಗಸೆ ಮದ್ದು. ಅವತ್ತೇ ತೆಗ್ದು ತಿಪ್ಪೆಗೆ ಸುರಿದೆ. ಮರ್ತಿರ್ತಾನೆ ಅಂದ್ಕಂಡೆ. ನೆಪ್ಪಾದ್ರೆ ಓಡಿ ಬಂದು ಹೇಳ್ತಾನೆ, ಎಷ್ಟಾದ್ರೂ ಒಂದೇ ಮೊಲೆ ಹಾಲು ಕುಡ್ದೋನು ಅಂದ್ಕಂಡೆ. ನೆಪ್ಪಾಗ್ಲಿ ಅಂತ್ಲೇ ಹಂಡೆ ಒಲೆ ಮ್ಯಾಲೆ ನೇತಾಕ್ದೆ.”

ಚಿನ್ನಪ್ಪ ನೆಲದ ಮೇಲಿನ ನಳಿಗೆಯನ್ನೇ ನೋಡಿದ. ಆರು ವರ್ಷ ಖಾಲಿ ಕೊಳವೆಗೆ ಹೆದರಿ ಬಚ್ಚಲಲ್ಲಿ ಬಗ್ಗಿದ್ದ.

“ಗೋಡೆ ಮೇಲೆ ಇಣುಕೋನು” ಎಂದ ಪಿಳ್ಳಪ್ಪ. “ದಿನಾ ಇಣುಕೋನು. ನಾನು ಒಳಗಿಂದ ನೋಡ್ತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ. ನನ್ ಮಗ್ಳು ಕೂಸು ಎತ್ಕಂಡು ನೀರಿಗೆ ಕೂತಾಗ ಇವ್ನು ಏನ್ ಮಾಡ್ದ ಗೊತ್ತಾ? ತನ್ ಹೆಂಡ್ತಿ ಮಕ್ಳನ್ನ ಬೇಗೂರಿಗೆ ಸಾಗಿಸ್ದ. ಮರ್ತಿರ್ಲಿಲ್ಲ ಆಚಾರ್ರೆ. ಚೆನ್ನಾಗ್ ನೆಪ್ಪಿತ್ತು. ಗೋಡೆ ಗೇಣು, ಹಂಡೆ, ಒರಳು, ಅದ್ನೆಲ್ಲ ನಾನು ಯಾವತ್ತೋ ಬಿಟ್ಬುಟ್ಟಿದ್ದೆ. ಇದ್ನ ಬಿಡಕ್ಕಾಗ್ಲಿಲ್ಲ.” ನೆಲದ ಮೇಲಿದ್ದ ನಳಿಗೆಯನ್ನು ಕಾಲಿನಿಂದ ಸಂಜೀವಯ್ಯನ ಕಡೆ ತಳ್ಳಿದ. “ಮುರಿದಾಕಿ. ಅವನ ಬಾಯಿಂದ ಕೇಳ್ಬೇಕಿತ್ತು, ಕೇಳ್ದೆ. ಇನ್ನು ನಾನು ಸತ್ರೆ ಅವ್ನು ಬರೋದು ಬ್ಯಾಡ. ಅವ್ನು ಸತ್ರೆ ನಾನು ಬರಲ್ಲ.”

ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಹಿಂದೆ ತಿರುಗಿ ನೋಡಲಿಲ್ಲ.

ಸಂಜೀವಯ್ಯ ಬೆಂಚಿನ ಹತ್ತಿರ ಹೋಗಿ, ಎರಡು ದಿನ ಮಸಿ ಬಳಿದು ಕೆರೆದು ಕೂರಿಸಿದ್ದ ಹೊಸ ನಳಿಗೆಯ ಬಳೆಗಳನ್ನು ಒಂದೊಂದಾಗಿ ಜಾರಿಸಿದ. ನಳಿಗೆ ಎತ್ತಿ ಮೂಲೆಗಿಟ್ಟ. ಮರವನ್ನು ಒರೆಸಿ, ಗಜ ಸಮೇತ, ಚಿನ್ನಪ್ಪನ ಕೈಗೆ ಕೊಟ್ಟ.

“ಏನ್ ಆಚಾರ್ರೆ ಇದು? ನಾಡಿದ್ದು ಸ್ಟೇಷನ್ಗೆ ತೋರಿಸ್ಬೇಕು. ಲೈಸೆನ್ಸ್ ಹೋಗುತ್ತೆ.”

“ಹೋಗ್ಲಿ.”

“ಹಂದಿ ಹೊಲ ಪೂರಾ ತಿಂದಾಕ್ತವೆ ಆಚಾರ್ರೆ. ನನ್ ಮಕ್ಳಿಗೆ ಅನ್ನ ಇಲ್ದಂಗಾಗುತ್ತೆ.”

“ಹಂದಿ ಹೊಲ ತಿನ್ನುತ್ತೆ, ಅಷ್ಟೇ ತಾನೆ? ನಿನ್ ಕೈಗೆ ನಾನು ಕೋವಿ ಮಾಡಿ ಕೊಡಲ್ಲ. ಎದ್ದೋಗು ಇಲ್ಲಿಂದ.”

ಚಿನ್ನಪ್ಪನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಯಾರಾದರೂ ಒಬ್ಬರು ತನ್ನ ಪರವಾಗಿ ಒಂದು ಮಾತು ಆಡಲಿ ಎಂದು ಅವನ ಜೀವ ಹಪಹಪಿಸಿತು. ಸಂಜೀವಯ್ಯ ಹಿಂದುಗಡೆ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಕೆಂಪಕ್ಕ ಒಬ್ಬಳೇ ಇನ್ನೂ ಮಣೆಯ ಮೇಲೆ ಕೂತಿದ್ದಳು, ಕೈ ತಿದಿಯ ಮೇಲೆಯೇ ಇತ್ತು. ಅವಳ ಮುಖ ಕುಲುಮೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ನೀವೇ ಹೇಳಿ ಅಕ್ಕ” ಎಂದ ಚಿನ್ನಪ್ಪ. “ಆರು ವರ್ಷದ್ದು ನನ್ ತಪ್ಪೇ. ಇಲ್ಲ ಅನ್ನಲ್ಲ. ಆದ್ರೆ ಇವತ್ತು ನಾನು ಕೂಗ್ದೆ ಅಲ್ವಾ? ಅದ್ರಾಗೆ ಏನೂ ಇಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ. ನಿಜವಾಗ್ಲೂ ಮದ್ದೈತೆ ಅಂತ್ಲೇ ಕೂಗ್ದೆ. ಅಣ್ಣನ್ನ ಉಳಿಸ್ಬೇಕು ಅಂತ್ಲೇ ಕೂಗ್ದೆ. ಹೌದೋ ಅಲ್ವೋ?”

ಕೆಂಪಕ್ಕ ಅವನ ಕಡೆ ನೋಡಿದಳು.

“ಕೂಗ್ದೆ ಕಣಪ್ಪ. ಕಬ್ಬಿಣ ಎಷ್ಟು ಕಾದೈತೆ ಅಂತ ಯಜಮಾನ್ರಿಗೆ ಒತ್ತು ಎಣಿಸಿ ಹೇಳೋದು ನನ್ ಕೆಲ್ಸ, ಮದುವೆ ಆಗಿ ಬಂದಾಗಿಂದ. ನಿಮ್ಮಣ್ಣ ನಳಿಗೆ ಇಟ್ಟಾಗಿಂದ ನೀನು ಕೂಗೋಗಂಟ ಹದಿನೇಳು ಒತ್ತಿದೀನಿ.” ತಿದಿಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ಹದಿನೇಳೂ ನಾನು ಇಲ್ಲೇ, ಅದರ ಪಕ್ಕದಲ್ಲೇ ಕೂತಿದ್ನಲ್ಲಪ್ಪಾ.”